ಮಾವನ ಕೈಯ ಸ್ಟೇರಿಂಗು

ನಮ್ಮ ಮಾವನಿಗೆ ಸಿಟ್ಟು ಬರಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಅವರು ವ್ಯಾನು ಓಡಿಸುತ್ತಿರುವಾಗ ಪಕ್ಕದಲ್ಲಿ ಕೂತು "ಸ್ವಲ್ಪ ನಿಧಾನ" ಎಂದರೆ ಸಾಕು, ಮುಂದಿನ ನಾಲ್ಕು ಊರು ದಾಟುವವರೆಗೂ ನಿಮ್ಮ ವಂಶದ ಚರಿತ್ರೆಯೆಲ್ಲ ಹೊರಗೆ ಬರುತ್ತದೆ. ನಾನೂ ಕಡಿಮೆಯವಳೇನಲ್ಲ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ, ಆಮೇಲೆ ತಿರುಗಿಸಿ ಕೊಡುವುದನ್ನು ಕಲಿತೆ. ಅದಕ್ಕೇ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಮಾವ ದುಡಿಯುವ ವಯಸ್ಸನ್ನೆಲ್ಲ ಬಂಗಾರಪೇಟೆಗೂ ಕಾಮಸಮುದ್ರಕ್ಕೂ ನಡುವೆ ಬಸ್ಸು ಓಡಿಸುತ್ತಲೇ ಕಳೆದವರು. ಒಂದು ಕೋಳಿಮರಿಯನ್ನೂ ಚಕ್ರಕ್ಕೆ ಕೊಟ್ಟವರಲ್ಲ. ಬಸ್ಸು ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಹಳೆಯ ವ್ಯಾನು ತಂದು, ನಮ್ಮ ಊರಿನ ಮಕ್ಕಳನ್ನು ಉರಿಗಾಂನ ಶಾಲೆಗೆ ಕರೆದುಕೊಂಡು ಹೋಗಿ ಬರತೊಡಗಿದರು. ನಾನು ಅದೇ ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು, ಆದ್ದರಿಂದ ನನ್ನ ಪ್ರಯಾಣವೂ ಅದರಲ್ಲೇ. ಹೊಲಕ್ಕೋ ಕೂಲಿಗೋ ಹೊರಡುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ತಂದು ನಮ್ಮ ಮನೆ ಮುಂದೆ ಬಿಟ್ಟು, ಹಿಂದೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ಅಷ್ಟು ನಂಬಿಕೆ. ಹಾಗಿರುವಾಗ ಒಂದು ಚಳಿಗಾಲದಲ್ಲಿ ಮಾವನ ಕಣ್ಣು ಸರಿಯಿಲ್ಲವೆಂದು ನನಗೆ ಗುಮಾನಿ ಬಂತು. ಆ ಮಕ್ಕಳಿಗೆ ಏನಾದರೂ ಆಗುವ ಮೊದಲು ಅವರ ಕೈಯಿಂದ ಸ್ಟೇರಿಂಗು ಬಿಡಿಸಬೇಕಿತ್ತು. ಹೇಗೆಂದು ಗೊತ್ತಿರಲಿಲ್ಲ.

ನನಗೆ ಗಾಡಿ ಕಲಿಸಿದವರೂ ಅವರೇ. "ಗಂಡ ಕಲ್ಸುದ್ರೆ ಸಂಸಾರ ಉಳಿಯಾಕಿಲ್ಲ, ನಾನೇ ಕಲಿಸ್ತೀನಿ ಬಾ" ಎಂದು ಭಾನುವಾರಗಳಂದು ಚಾಂಪಿಯನ್ ರೀಫ್ಸ್ ಕಡೆಗೆ ಕರೆದುಕೊಂಡು ಹೋಗುತ್ತಿದ್ದರು. ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಕೆಲವು ರಸ್ತೆಗಳು ಅಗಲವಾಗಿ, ಯಾರಿಗೂ ಬೇಡವಾಗಿ ಬಿದ್ದುಕೊಂಡಿವೆ. ಒಂದು ಕಡೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಬೋಳು ದಿಬ್ಬ, ಇನ್ನೊಂದು ಕಡೆ ಗಣಿ ಕೆಲಸದವರ ಸಾಲು ಮನೆಗಳು. ಹಳೆ ಟೈರುಗಳನ್ನು ರಸ್ತೆಯಲ್ಲಿ ಅಡ್ಡಾದಿಡ್ಡಿಯಾಗಿ ಇಟ್ಟು ಅವುಗಳ ನಡುವೆ ವ್ಯಾನು ನುಗ್ಗಿಸು ಎನ್ನುವರು. ಟೈರು ತಾಗಿದರೆ "ಸತ್ತ! ಅವ್ನ ಎಂಡ್ತಿ ಮಕ್ಳಿಗೆ ಏನ್ ಜವಾಬ್ ಕೊಡ್ತೀಯ?" ಎಂದು ಕೂಗುವರು. ಜಗಲಿಯ ಮೇಲೆ ಕೂತ ಮುದುಕರಿಗೆ ಒಳ್ಳೆ ಮಜಾ. ನನ್ನಿಂದ ಆ ಭಾನುವಾರಗಳಲ್ಲಿ ಸತ್ತವರಿಗೆ ಲೆಕ್ಕವಿಲ್ಲ.

ಕ್ಲಚ್ಚು, ಗೇರು ಎಲ್ಲ ಎರಡು ವಾರದಲ್ಲಿ ಬಂದವು. ನಿಜವಾದ ಪಾಠ ಶುರುವಾದದ್ದು ಆಮೇಲೆ. "ರೋಡ್ ನಡುಮಧ್ಯ ಎಲ್ರೂ ನೋಡ್ತಾರೆ ಕಣಮ್ಮಾ. ಅಲ್ಲೇನೂ ಇರಾಕಿಲ್ಲ. ಬರೋದೆಲ್ಲ ಪಕ್ಕದಿಂದ" ಎನ್ನುತ್ತಿದ್ದರು. ನಿಂತ ಬಸ್ಸಿನ ಕೆಳಗೆ ಕಾಲುಗಳು ಕಾಣುತ್ತವೆಯೇ ಎಂದು ಬಗ್ಗಿ ನೋಡಬೇಕು. ಕಂಡರೆ ಆ ಕಾಲಿನವರು ಈಗಲೇ ಈಚೆ ಬರುತ್ತಾರೆ. ಒಂದು ಮೇಕೆ ದಾಟಿದರೆ ಮಿಕ್ಕವು ದಾಟದೆ ಇರುವುದಿಲ್ಲ. "ಆಟೋದವ್ನ ಮಕ ನೋಡ್ಬ್ಯಾಡ, ಮುಂದ್ಗಡೆ ಚಕ್ರ ನೋಡು. ಮಕ ಸುಳ್ಳೇಳ್ತೈತೆ, ಚಕ್ರ ಏಳಾಕಿಲ್ಲ."

ಒಮ್ಮೆ ಉರಿಗಾಂ ಹತ್ತಿರ ನಾನೇ ಓಡಿಸುತ್ತಿದ್ದಾಗ ಚರಂಡಿಯಿಂದ ಒಂದು ಹಂದಿ ಬಾಣದ ಹಾಗೆ ಎದ್ದು ಬಂತು. ನಾನು ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಬ್ರೇಕನ್ನೂ ಒತ್ತಿ, ಕಣ್ಣನ್ನೂ ಮುಚ್ಚಿಬಿಟ್ಟೆ. ವ್ಯಾನು ವಾಲಾಡಿ ನಿಂತಿತು. ಹಂದಿ ಯಾವಾಗಲೋ ಹೋಗಿತ್ತು. ಮಾವ ಬೈಯಲಿಲ್ಲ, ಅದೇ ಆಶ್ಚರ್ಯ. "ಮೊದ್ಲು ನೆಟ್ಟಗೆ ಬ್ರೇಕು. ಸ್ಪೀಡ್ ಇಳೀಲಿ. ಆಮ್ಯಾಕೆ ಒಸಿ ತಿರುಗ್ಸು, ಒಸಿ ಅಂದ್ರೆ ಒಸೀನೇ. ತಿರುಗ್ಸಿದ್ನ ತಿರ್ಗ ನೆಟ್ಟಗೆ ಮಾಡು. ಅರ್ಧ ಜನ ಸಾಯೋದು ತಪ್ಪಿಸ್ಕೊಂಡ್ ಮ್ಯಾಲೇನೇ" ಎಂದರು. ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು: "ಕಣ್ ಮುಚ್ಚೋದಾದ್ರೆ ಮನ್ಯಾಗೆ ಮಲ್ಕೊಂಡು ಮುಚ್ಚು."

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹುರುಳಿ, ರಾಗಿ ಕೊಯ್ಲಾದ ಮೇಲೆ ಟಾರು ರಸ್ತೆಯೇ ನಮಗೆ ಕಣ. ಕೊಯ್ದ ಗಿಡಗಳನ್ನು ತಂದು ರಸ್ತೆಯ ಅರ್ಧಕ್ಕೆ ಹರಡುತ್ತಾರೆ, ಅಂಚಿಗೆ ಕಲ್ಲು ಜೋಡಿಸುತ್ತಾರೆ. ಹೋಗಿ ಬರುವ ಗಾಡಿಗಳು ಅದರ ಮೇಲೆ ಹಾದು ಕಾಳು ಉದುರಿಸಿಕೊಡಬೇಕು. ಹೀಗೆ ಹರಡಬೇಡಿ, ಬೈಕಿನವರು ಜಾರಿ ಬೀಳುತ್ತಾರೆ, ಕಾರಿನಡಿ ಸಿಕ್ಕಿಕೊಂಡ ಗಿಡ ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂದು ಹೇಳುವವರು ಹೇಳುತ್ತಲೇ ಇರುತ್ತಾರೆ, ಹರಡುವವರು ಹರಡುತ್ತಲೇ ಇರುತ್ತಾರೆ. ಬೆಂಗಳೂರಿನ ನಂಬರಿನ ಕಾರುಗಳು ಬೈದುಕೊಂಡು ಬಲಕ್ಕೆ ಸರಿದು ಹೋಗುತ್ತವೆ. ನಮ್ಮ ಮಾವ ಮಾತ್ರ ಸರಿಯುವವರಲ್ಲ. ಬಸ್ಸಿನ ಕಾಲದಿಂದಲೂ ಎಡಗಡೆ ಚಕ್ರಗಳನ್ನು ಸರಿಯಾಗಿ ಹುರುಳಿಯ ಮೇಲೇ ಬಿಟ್ಟು, ಒಂದೇ ಹದದಲ್ಲಿ ತುಳಿಸಿಕೊಂಡು ಹೋಗುವರು. "ಅನ್ನ ಕಾಲಲ್ಲಿ ತುಳುದ್ರೆ ಪಾಪ, ಚಕ್ರದಾಗೆ ತುಳುದ್ರೆ ಪುಣ್ಯ" ಎನ್ನುವುದು ಅವರ ಶಾಸ್ತ್ರ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು: ಹುರುಳಿಯ ಮೇಲಿರುವಾಗ ಬ್ರೇಕು ಮುಟ್ಟಕೂಡದು. ಮುಟ್ಟಿದರೆ ಎಣ್ಣೆ ಸುರಿದ ನೆಲದ ಮೇಲೆ ಓಡಿದಂತೆ ಗಾಡಿ ಜಾರುತ್ತದೆ. ಸುಗ್ಗಿ ಮುಗಿದ ಮೇಲೆ ಯಾರಾದರೂ ಒಂದು ಚೀಲ ಹುರುಳಿ ತಂದು ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಬಸ್ಸಾರು ತಿನ್ನುವಾಗ ಮಾವನ ಮುಖ ನೋಡಬೇಕಿತ್ತು!

ಆ ಚಳಿಗಾಲದ ಮೊದಲ ಸೂಚನೆ ಸಿಕ್ಕಿದ್ದು ವ್ಯಾನಿನ ಎಡಗಡೆ ಕನ್ನಡಿಯಿಂದ. ಎಷ್ಟೋ ವರ್ಷ ಹೊಕ್ಕು ಹೊರಟ ನಮ್ಮ ಕಾಂಪೌಂಡಿನ ಕಂಬಕ್ಕೇ ತಾಗಿಸಿ ಒಡೆದರು. "ಯಾವನ್ ಕಟ್ಟಿದ್ನೋ ಈ ಕಂಬ, ಸೊಟ್ಟುಕ್ ಕಟ್ಟವ್ನೆ" ಎಂದರು. ಕಂಬ ಕಟ್ಟಿಸಿದವರು ಅವರೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿದ್ದು ಕೇಳಿಸಿ ಎರಡು ದಿನ ಮಾತು ಬಿಟ್ಟರು. ಆಮೇಲೆ ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟ ಉರುಳುವುದು, ದನದ ಹಟ್ಟಿಯ ಮುಂದೆ ಕಟ್ಟಿದ ಕರುವಿಗೆ ಎಡವುವುದು ನಡೆಯಿತು. ಉರಿಗಾಂನ ಒಂದು ತಿರುವಿನಲ್ಲಿ ಎಡದಿಂದ ಬಂದ ಆಟೋದವನು ಗಕ್ಕನೆ ನಿಲ್ಲಿಸಿ, "ಪಾತ್ತು ಪೋ ಪೆರಿಸು!" ಎಂದು ತಮಿಳಿನಲ್ಲಿ ಕೂಗಿದ. ನೋಡಿಕೊಂಡು ಹೋಗು ಮುದುಕಾ, ಅಂತ. ಮಾವ ಅವನಿಗೆ ಮೂರು ಭಾಷೆಯಲ್ಲಿ ಉತ್ತರ ಕೊಟ್ಟರು. ಆದರೆ ಆಟೋ ಬಂದದ್ದನ್ನು ಅವರು ನೋಡಿರಲಿಲ್ಲವೆಂದು ನನಗೆ ಗೊತ್ತಾಯಿತು.

ಕಣ್ಣು ತೋರಿಸಿಕೊಳ್ಳಿ ಎಂದು ನಾನೂ ಅತ್ತೆಯೂ ಪೀಡಿಸಿದ ಮೇಲೆ ಬಂಗಾರಪೇಟೆಯ ಕನ್ನಡಕದ ಅಂಗಡಿಗೆ ಹೋಗಿ ಬಂದರು. ಬಂದವರೇ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ, "ಕೊನೇ ಸಾಲು ಓದ್ದೆ ಕಣೇ! ಸಾಸ್ವೆ ಕಾಳ್ನಂಗಿದ್ದ ಅಕ್ಸರ! ಅಂಗಡಿಯವ್ನೇ ದಂಗಾಗೋದ" ಎಂದರು. ಅದು ಸುಳ್ಳಲ್ಲ. ದಿನಪತ್ರಿಕೆಯನ್ನು ಅವರು ಕನ್ನಡಕವಿಲ್ಲದೆ ಓದುತ್ತಿದ್ದರು, ಸೂಜಿಗೆ ದಾರ ಪೋಣಿಸಿ ಅತ್ತೆಗೆ ಕೊಡುತ್ತಿದ್ದರು. ನೇರ ಮುಂದಿರುವುದೆಲ್ಲ ನಿಚ್ಚಳ. ಪಕ್ಕದ್ದು ಮಾತ್ರ ಅಂಚಿನಿಂದ ಸವೆಯುತ್ತ ಬರುತ್ತಿದೆ, ಸವೆಯುತ್ತಿರುವುದು ಅವರಿಗೂ ತಿಳಿಯುವುದಿಲ್ಲ ಎಂದು ಹೇಳಲು ನಾನೇನು ಡಾಕ್ಟರೇ? ಕಣ್ಣಿನ ಡಾಕ್ಟರು ಆ ಮಾತು ಹೇಳಿದ್ದು ಎಲ್ಲ ಮುಗಿದ ಮೇಲೆ. ಆಗ ನನ್ನ ಹತ್ತಿರ ಇದ್ದದ್ದು ಒಂದು ಒಡೆದ ಕನ್ನಡಿ, ಅಷ್ಟೇ.

ಗಂಡನಿಗೆ ಹೇಳಿದೆ. ಮಾಲೂರಿನ ಕಾರ್ಖಾನೆಗೆ ಹೋಗಿ ಬರುವ ಮನುಷ್ಯ, ಮನೆಯಲ್ಲಿ ಅಪ್ಪನ ಮುಂದೆ ಕೂತು ಕಾಫಿ ಕುಡಿಯಲೂ ಹಿಂಜರಿಯುವವರು. "ನೀನೇ ಏಳು. ನಿನ್ ಮಾತು ಕೇಳ್ತಾರೆ" ಎಂದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾವಾಗಲೂ ಸೊಸೆಗೇ. ಹೇಳಿದೆ. ಮಾವ ತಟ್ಟೆ ಸರಿಸಿ ಎದ್ದುಹೋದರು. ಅಂದಿನಿಂದ ನಾನು ವ್ಯಾನಿನಲ್ಲಿ ಹಿಂದೆ ಮಕ್ಕಳ ಜೊತೆ ಕೂರುವುದು ಬಿಟ್ಟು ಮುಂದೆ, ಅವರ ಎಡಗಡೆಯ ಸೀಟಿನಲ್ಲಿ ಕೂರತೊಡಗಿದೆ. ಎಡಗಡೆಯಿಂದ ಏನಾದರೂ ಬಂದರೆ "ಅಲ್ಲಿ ನೋಡಿ ಮಾವಾ, ಎಷ್ಟು ಚಂದದ ಹಸು" ಎಂದೋ "ಆ ಸೈಕಲ್ಲಿನವ್ರು ಪರಿಚಯದವ್ರಲ್ವಾ" ಎಂದೋ ಹೇಳುತ್ತಿದ್ದೆ. ಅವರಿಗೆ ನನ್ನ ಉಪಾಯ ತಿಳಿಯಲಿಲ್ಲವೆಂದು ನಾನು ಅಂದುಕೊಂಡಿದ್ದೆ. ದಿನಾ ಹೀಗೆ ಹಸು ಹೊಗಳುವುದು ಎಷ್ಟು ಕಾಲ ನಡೆದೀತು? ಶಾಲೆ ತಲುಪುವಷ್ಟರಲ್ಲಿ ನನ್ನ ಕುತ್ತಿಗೆ ಬಿಗಿದುಕೊಂಡು ನೋಯುತ್ತಿತ್ತು.

ಸಂಕ್ರಾಂತಿಗೆ ಸ್ವಲ್ಪ ಮುಂಚೆ, ಒಂದು ಸಂಜೆ ಶಾಲೆ ಬಿಟ್ಟು ಬರುತ್ತಿದ್ದೆವು. ಹಿಂದೆ ಮಕ್ಕಳು ಕಚ್ಚಾಡುತ್ತ, ಕಡಲೆಮಿಠಾಯಿ ಹಂಚಿಕೊಳ್ಳುತ್ತ ಇದ್ದವು. ಕಾಮಸಮುದ್ರದ ರಸ್ತೆಯಲ್ಲಿ ನಮ್ಮ ಊರಿಗೆ ಇನ್ನು ಸ್ವಲ್ಪವೇ ದೂರ. ಒಂದು ಹಳ್ಳಿಯ ಮುಂದೆ ಎಡಗಡೆಗೆ ಉದ್ದಕ್ಕೂ ಹುರುಳಿ ಹರಡಿದ್ದರು. ಅದರ ಕೊನೆಯ ಭಾಗದಲ್ಲಿ, ಎಡ ಅಂಚಿಗೆ, ತಲೆಗೆ ಟವಲು ಸುತ್ತಿದ ಒಬ್ಬ ಮುದುಕಿ ನಮಗೆ ಬೆನ್ನು ಮಾಡಿ ಬಗ್ಗಿ, ಕವೆಗೋಲಿನಿಂದ ಗಿಡ ತಿರುವಿ ಹಾಕುತ್ತಿದ್ದಳು. ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕೊಂದು ಬರುತ್ತಿತ್ತು.

ಮಾವ ಹುರುಳಿ ನೋಡಿ ಖುಷಿಯಾಗಿ ಎಡ ಚಕ್ರಗಳನ್ನು ಅದರ ಮೇಲೆ ಬಿಟ್ಟರು. ಮುದುಕಿಯನ್ನು ನೋಡಿರುತ್ತಾರೆ, ಈಗ ಹಾರನ್ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಈಗ ಬಲಕ್ಕೆ ಎಳೆಯುತ್ತಾರೆ ಎಂದುಕೊಂಡೆ. ಎಳೆಯಲಿಲ್ಲ. ಅವರ ಮುಖ ನೋಡಿದೆ. ತುಟಿಯಲ್ಲಿ ಸಣ್ಣ ನಗು, ಕಣ್ಣು ಎದುರಿನ ಬೈಕಿನ ಮೇಲೆ. ಅವರ ಪಾಲಿಗೆ ಅಲ್ಲಿ ಮುದುಕಿ ಇರಲೇ ಇಲ್ಲ.

ಕೂಗಿದರೆ ಅವರು ಗಾಬರಿಗೆ ಬ್ರೇಕು ಒತ್ತುತ್ತಾರೆ, ಒತ್ತಿದರೆ ವ್ಯಾನು ಜಾರಿಕೊಂಡು ನೇರ ಅವಳ ಮೇಲೇ ಹೋಗುತ್ತದೆ. ಪೂರ್ತಿ ಬಲಕ್ಕೆ ಎಳೆದರೆ ಎದುರಿನ ಬೈಕು. ಇಷ್ಟೆಲ್ಲ ಯೋಚಿಸಿದೆನೆಂದು ಈಗ ಬರೆಯುತ್ತಿದ್ದೇನೆ, ಆಗ ಯೋಚಿಸಲಿಲ್ಲ. ಕೈ ತಾನಾಗಿ ಹೋಗಿ ಸ್ಟೇರಿಂಗು ಹಿಡಿದು ಒಸಿ ಬಲಕ್ಕೆ ಎಳೆಯಿತು. ಮುದುಕಿಯ ಸೆರಗು ನನ್ನ ಕಿಟಕಿಯ ಪಕ್ಕ ಹಾದುಹೋಯಿತು. ಹೊಸದಾಗಿ ಹಾಕಿಸಿದ್ದ ಕನ್ನಡಿಗೆ ಕವೆಗೋಲು ತಾಗಿ ಟಕ್ಕೆಂದಿತು. ಅಷ್ಟರಲ್ಲೇ ಮತ್ತೆ ಎಡಕ್ಕೆ, ನೆಟ್ಟಗೆ. ಬೈಕಿನವನು ನಮ್ಮ ಬಲಗಡೆ ಹೆದರಿ ಬೈದುಕೊಂಡು ದಾಟಿದ. ಯಾರಿಗೂ ಏನೂ ಆಗಲಿಲ್ಲ.

ಮಾವ ಹುರುಳಿ ದಾಟಿಸಿ, ಬರಿ ಟಾರಿನ ಮೇಲೆ ವ್ಯಾನು ನಿಲ್ಲಿಸಿದರು. ಡ್ರೈವರಾದವನ ಸ್ಟೇರಿಂಗಿಗೆ ಇನ್ನೊಬ್ಬರು ಕೈ ಹಾಕುವುದೆಂದರೆ ಕಪಾಳಕ್ಕೆ ಹೊಡೆದ ಹಾಗೆ.

"ಏನ್ ಬಂದಿತ್ತಮ್ಮಾ ನಿಂಗೆ? ಎದುರ್ಗಡೆ ಬೈಕು ಕಾಣ್ಲಿಲ್ವಾ? ಅವ್ನ ಮ್ಯಾಕೇ ಬುಡ್ತಿದ್ಯಲ್ಲಾ ಗಾಡೀನ!"

ನಾನು ಬಾಯಿ ತೆರೆಯುವ ಮೊದಲೇ ಮುದುಕಿ ಓಡಿಬಂದಳು. ಗಡಿ ಕಡೆಯವಳು, ಬೈಗುಳ ತೆಲುಗಿನಲ್ಲೇ ಶುರುವಾಯಿತು. "ಕಳ್ಳು ಕನಪಡ್ಲೇದಾ ನೀಕು? ಏನಯ್ಯಾ, ಕಣ್ಣು ಕಾಣಲ್ವಾ? ಮೈಮ್ಯಾಕೇ ಅತ್ತಿಸ್ಕೊಂಡು ಓಗ್ತೀಯಾ?"

ಮಾವ ಅವಳ ಮುಖವನ್ನೇ ನೋಡಿದರು. "ನೀನೆಲ್ಲಿದ್ದೆ?"

"ಎಲ್ಲಿದ್ನಾ? ನಿನ್ ಚಕ್ರದ ಬಾಯಾಗೇ ಇದ್ನಲ್ಲಯ್ಯಾ! ಈ ಯಮ್ಮ ತಿರುಗಿಸ್ದೇ ಇದ್ದಿದ್ರೆ ನನ್ ಮಕ್ಳು ಈಗ ಗುಂಡಿ ತೋಡಾಕ್ ಓಗ್ಬೇಕಿತ್ತು."

ಮಾವ ಮುಖ ತಿರುಗಿಸಿ, "ನೋಡಿದ್ದೆ ಬುಡವ್ವಾ, ನೋಡಿದ್ದೆ. ನಾನೇ ಎಳ್ಕೊತಿದ್ದೆ, ಅಷ್ಟ್ರಲ್ಲಿ ನಮ್ ಸೊಸೆ ಕೈ ಆಕುದ್ಲು" ಎಂದು ಗೇರು ಹಾಕಿದರು. ಹಿಂದೆ ಒಂದು ಮಗು ಅಳುತ್ತಿತ್ತು. ನನಗೆ ಅವರ ಮೇಲೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅಷ್ಟೇ ಭಯವೂ ಆಗಿತ್ತು.

ಮನೆಗೆ ಬಂದ ಮೇಲೆ ದೊಡ್ಡ ರಾಮಾಯಣ. ನಾಳೆಯಿಂದ ನಾನು ಓಡಿಸುತ್ತೇನೆ ಎಂದೆ. "ನನ್ ಉಸ್ರು ನಿಂತ್ ಮ್ಯಾಲೆ ಓಡ್ಸುವಂತೆ" ಎಂದರು. ಅತ್ತೆ ಅತ್ತರು. ಗಂಡ ಹಟ್ಟಿಗೆ ಹೋಗಿ ಹಸುವಿಗೆ ಹುಲ್ಲು ಹಾಕುತ್ತ ನಿಂತರು. ಅವತ್ತು ನಮ್ಮ ಹಸುವಿನಷ್ಟು ತಿಂದ ಹಸು ಕೋಲಾರ ಜಿಲ್ಲೆಯಲ್ಲೇ ಇರಲಾರದು. ಕೊನೆಗೆ ನಾನು ಹೇಳಿದೆ: ನಾಳೆ ನೀವು ಆ ಸೀಟಿನಲ್ಲಿ ಕೂತರೆ, ನಾನು ಮಕ್ಕಳನ್ನು ಒಂದೊಂದಾಗಿ ಕೆಳಗಿಳಿಸಿ ಮನೆಗೆ ಕಳಿಸುತ್ತೇನೆ, ಯಾಕೆಂದು ಅವರ ತಾಯಂದಿರಿಗೂ ಹೇಳುತ್ತೇನೆ. ಮಾವ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಮನೆಯ ಮಾನವನ್ನು ಬೀದಿಗೆ ಎಳೆಯುವವಳು ಇವಳೇ ಎಂದು ಅವತ್ತೇ ತಿಳಿದವರ ಹಾಗೆ.

ಬೆಳಿಗ್ಗೆ ನಾನು ಹಾಲು ಕರೆದು ಮುಗಿಸುವಷ್ಟರಲ್ಲಿ ವ್ಯಾನು ಅಂಗಳದಲ್ಲಿ ಸದ್ದು ಮಾಡುತ್ತಿತ್ತು. ಮಕ್ಕಳು ಆಗಲೇ ಹತ್ತಿ ಕೂತಿದ್ದವು. ಮಾವ ಸ್ನಾನ ಮಾಡಿ, ಬಿಳಿ ಷರಟು ಹಾಕಿ, ಏನೂ ನಡೆದೇ ಇಲ್ಲವೆಂಬಂತೆ ಡ್ರೈವರ್ ಸೀಟಿನಲ್ಲಿದ್ದರು. ಮೈ ಉರಿಯಿತು. ಹಟ್ಟಿಯ ಕಡೆಯಿಂದಲೇ ದಡದಡನೆ ಬಂದು ವ್ಯಾನಿನ ಎಡ ಮೂಲೆಯಲ್ಲಿ, ಮುಂದಿನ ದೀಪದ ಪಕ್ಕ ನಿಂತೆ. ಕೈ ಚಾಚಿದರೆ ಗಾಜು ಮುಟ್ಟುವಷ್ಟು ಹತ್ತಿರ. ನನ್ನನ್ನು ಕಂಡ ಮೇಲೆ ಏನಾದರೂ ಅನ್ನಲಿ, ಆಮೇಲೆ ನಾನು ಶುರು ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಕಾದೆ.

ಮಾವ ಮನೆಯ ಬಾಗಿಲ ಕಡೆ ನೋಡುತ್ತ ಹಾರನ್ ಹೊಡೆದರು. ಸ್ವಲ್ಪ ತಡೆದು ಮತ್ತೊಮ್ಮೆ ಹೊಡೆದರು.

"ಎಲ್ಲೋದ್ಲಲಾ ನಿಮ್ ಮಿಸ್ಸು? ನಿನ್ನೆ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣ್ತೈತೆ. ಬರ್ದೇ ಇದ್ರೆ ನಾವೇ ಓಗಾನ" ಎನ್ನುತ್ತ ಗೇರಿಗೆ ಕೈ ಹಾಕಿದರು. ವ್ಯಾನು ಗೇಣುದ್ದ ಮುಂದೆ ಬಂತು.

ಹಿಂದಿನಿಂದ ಒಂದು ಹುಡುಗಿ ಕಿಲಕಿಲ ನಕ್ಕಳು. "ತಾತಾ, ಮಿಸ್ಸು ಇಲ್ಲೇ ಅವ್ರಲ್ಲಾ!"

"ಎಲ್ಲಿ?"

"ಇಲ್ಲೇ ತಾತಾ! ನಿನ್ ಮುಂದೇನೇ!"

ತಾತ ಆಟ ಆಡುತ್ತಿದ್ದಾರೆಂದು ಎಲ್ಲ ಮಕ್ಕಳೂ ನಗತೊಡಗಿದವು. ಮಾವನ ಕಾಲು ಬ್ರೇಕಿನ ಮೇಲಿತ್ತು. ಅವರ ತಲೆ ನಿಧಾನವಾಗಿ ಎಡಕ್ಕೆ ತಿರುಗಿತು, ಇನ್ನೂ ತಿರುಗಿತು, ಆಮೇಲೆ ನನ್ನ ಮೇಲೆ ಬಂದು ನಿಂತಿತು.

ಅವರು ಇಂಜಿನ್ ಆಫ್ ಮಾಡಿದರು. ಮಕ್ಕಳ ನಗು ಒಂದೊಂದಾಗಿ ನಿಂತಿತು.

"ಎಷ್ಟೊತ್ತಿಂದ ನಿಂತಿದ್ದೀಯಮ್ಮಾ ಅಲ್ಲಿ?"

"ಮೊದಲ್ನೇ ಹಾರನ್ ಹೊಡೆಯೋದಕ್ಕೂ ಮುಂಚಿಂದ, ಮಾವಾ."

ಅವರು ಮುಖವನ್ನು ನೇರ ಮುಂದಕ್ಕೆ ತಿರುಗಿಸಿ, ಮತ್ತೆ ಎಡಕ್ಕೆ ನನ್ನ ಕಡೆ ತಿರುಗಿಸಿದರು.

"ನಿನ್ನೆ ಆ ಅವ್ವನೂ ಇಂಗೇ ಇದ್ಲಾ?"

"ಹೂಂ."

ಮಾವ ಕೆಳಗಿಳಿದರು. ವ್ಯಾನಿನ ಮೈಮೇಲೆ ಕೈಯಾಡಿಸಿಕೊಂಡು ಮುಂದಿನಿಂದ ಬಳಸಿ ಬಂದು, ನನ್ನ ಮುಂದೆ ಹಾದು, ಎಡಗಡೆಯ ಬಾಗಿಲು ತೆಗೆದು ನಾನು ಕೂರುತ್ತಿದ್ದ ಸೀಟಿನಲ್ಲಿ ಕೂತರು. ಆ ಕಡೆ ಯಾಕೆ ತಾತಾ ಎಂದು ಯಾವುದೋ ಮಗು ಕೇಳಿತು. "ಇವತ್ತಿಂದ ಮಿಸ್ಸು ಓಡಿಸ್ತಾರೆ. ಸುಮ್ಕೆ ಕುಂತ್ಕಳ್ರಲಾ" ಎಂದರು.

ನಾನು ಹೋಗಿ ಅವರ ಸೀಟಿನಲ್ಲಿ ಕೂತೆ. ಅದು ಇನ್ನೂ ಬೆಚ್ಚಗಿತ್ತು. ಗೆದ್ದವಳ ಹಾಗೆ ಅನ್ನಿಸಬೇಕಿತ್ತೇನೋ, ಅಳು ಒತ್ತಿಕೊಂಡು ಬಂತು. ಅಂಗಳ ದಾಟಿಸಿ ರಸ್ತೆಗೆ ತಂದೆ. ಊರ ಮುಂದಿನ ತಿರುವಿನವರೆಗೂ ಪದೇ ಪದೇ ಅವರ ಮುಖದ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು.

"ನನ್ ಮಕ ಏನ್ ನೋಡ್ತೀಯ? ರೋಡ್ ನೋಡಮ್ಮಾ" ಎಂದರು.